ಪಾವಗಡಕ್ಕೆ ಹಲ್ಲಿನ ಕ್ಯಾಂಪಿಗೆ ಬರುವವರಿಗೆ

ಇಂಟರ್ನ್‌ಶಿಪ್‌ನಲ್ಲಿ ಪಾವಗಡದ ಕಡೆ ಕ್ಯಾಂಪಿಗೆ ಹಾಕಿದ್ದಾರೆ, ಮುಗಿದ ಮೇಲೆ ‘ರಿಫ್ಲೆಕ್ಷನ್’, ಅಂದರೆ ಕಂಡದ್ದು ಕಲಿತದ್ದನ್ನು ತಿರುಗಿ ನೋಡುವ ಬರಹ, ಬರೆದು ಕೊಡಬೇಕು, ಏನು ಬರೆಯಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಇಲ್ಲಿನ ಸ್ಕೂಲ್ ಮೇಷ್ಟ್ರು. ಕ್ಯಾಂಪ್ ನಡೆಯುವುದು ನಮ್ಮ ಶಾಲೆಯ ಜಗಲಿಯಲ್ಲೇ. ಹಾಗಾಗಿ ಬಂದುಹೋಗುವವರನ್ನು ನೋಡುತ್ತಲೇ ಇರುತ್ತೇನೆ.

ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು. ಆದರೆ ಮ್ಯಾಪ್ ನೋಡಿದರೆ ಹೆಚ್ಚುಕಮ್ಮಿ ಸುತ್ತಲೂ ಆಂಧ್ರ. ಬೋರ್ಡು ಕನ್ನಡ, ಪಾಠ ಕನ್ನಡ, ಮನೆಮಾತು ಬಹಳ ಕಡೆ ತೆಲುಗು. ನೀವು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಅಜ್ಜಿ “ಸರೇ ಸರೇ” ಅಂತ ತಲೆಯಾಡಿಸಿದರೆ ತಿಳಿಯಿತು ಅಂದುಕೊಳ್ಳಬೇಡಿ. ಓದಿದವರ ಎದುರು ಹೂಂ ಅನ್ನುವುದು ಇಲ್ಲಿ ಮರ್ಯಾದೆ. “ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀರಜ್ಜಿ?” ಅಂತ ಕೇಳಿ ನೋಡಿ. ಎಷ್ಟು ತಲುಪಿದೆ ಅನ್ನೋದು ಆಗ ಗೊತ್ತಾಗುತ್ತದೆ.

ಇನ್ನು ಹಲ್ಲು. ನಮ್ಮ ಮಕ್ಕಳು ಬಾಯಿ ತೆರೆದರೆ ಸುಣ್ಣದಂಥ ಬಿಳಿ ಗೆರೆ, ಕಂದು ಕಲೆ, ಕೆಲವರಿಗೆ ಹಲ್ಲಿನ ಮೇಲೆ ಸಣ್ಣ ಗುಳಿ. ಇದು ಉಜ್ಜದೆ ಬಂದ ಕೊಳೆಯಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಈ ಭಾಗದ ಎಷ್ಟೋ ಬೋರುಗಳು ಅದನ್ನು ದಾಟಿವೆ. ಹಲ್ಲಿನ ಗಟ್ಟಿ ಹೊರಪದರ, ಎನಾಮೆಲ್, ಒಸಡಿನೊಳಗೆ ಕಟ್ಟಿಕೊಳ್ಳುವ ಹೊತ್ತಿಗೇ, ಅಂದರೆ ಎಂಟು ವರ್ಷದ ಒಳಗೇ, ಕೆಡಬೇಕಾದ್ದು ಕೆಟ್ಟಿರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಕುದಿಸಿ ಕುಡಿಯಿರಿ ಅಂತಲೂ ಹೇಳಬೇಡಿ. ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ.

ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಕುಡಿಯಲು ಆ ನೀರು, ಸಾರಿಗೆ, ಮುದ್ದೆಗೆ ಬೋರಿನ ನೀರೇ ಹಾಕುವ ಮನೆಗಳು ಇನ್ನೂ ಇವೆ. ಘಟಕ ಕೆಟ್ಟು ನಿಂತರಂತೂ ಎಲ್ಲದಕ್ಕೂ ಅದೇ ಬೋರು. ಇಲ್ಲಿ ಯಾರ ಹಲ್ಲು ನೋಡುವ ಮೊದಲೂ ಕೇಳಬೇಕಾದ ಪ್ರಶ್ನೆ: ಚಿಕ್ಕವರಿದ್ದಾಗ ಯಾವ ನೀರು ಕುಡೀತಿದ್ರಿ?

ಒಂದು ಸಲ ಬಂದಿದ್ದ ಹುಡುಗಿಯೊಬ್ಬಳು ತಾನು ಬರೆದದ್ದನ್ನು ನನಗೆ ತೋರಿಸಿದ್ದಳು. ಏಳನೇ ಕ್ಲಾಸಿನ ಹುಡುಗನಿಗೆ ಚೆನ್ನಾಗಿ ಬ್ರಷ್ ಮಾಡು ಅಂದಳಂತೆ. ಅವನು ತುಟಿ ಮುಚ್ಚಿಕೊಂಡು, “ದಿನಾ ಎರಡು ಸಲ ಉಜ್ತೀನಿ ಮೇಡಂ, ಬೂದಿ ಹಾಕಿಯೂ ಉಜ್ಜಿದೆ, ಹೋಗಲ್ಲ” ಅಂದ. ಅವಳು ಬರೆದಿದ್ದಳು: “ಡೀನ್ ಇಂಡೆಕ್ಸ್ (ಫ್ಲೋರೈಡ್ ಕಲೆ ಎಷ್ಟಿದೆ ಅಂತ ಅಳೆಯುವ ಪಟ್ಟಿ) ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಬಾಯಲ್ಲಿ ಕಂಡಾಗ ಕೊಳಕು ಅಂದುಕೊಂಡೆ. ಹುಡುಗನಿಗೆ ಅವಮಾನ ಮಾಡಿದೆ ಅನ್ನಿಸಿತು. ನಾಳೆ ಮೊದಲು ನೀರಿನ ಬಗ್ಗೆ ಕೇಳುತ್ತೇನೆ, ಆಮೇಲೆ ಬಾಯಿ ತೆರೆಸುತ್ತೇನೆ.”

ನಿಮ್ಮವರು ಹೇಳಿಕೊಡುವ ಗಿಬ್ಸ್ ಚಕ್ರ ಇದೆಯಲ್ಲ, ಅನುಭವವನ್ನು ಆರು ಹಂತದಲ್ಲಿ ತಿರುಗಿ ನೋಡುವ ಕ್ರಮ, 1988ರದ್ದು: ಏನಾಯಿತು, ಏನನ್ನಿಸಿತು, ಯಾವುದು ಸರಿ ಯಾವುದು ತಪ್ಪು, ಯಾಕೆ, ಏನು ತಿಳಿಯಿತು, ಮುಂದೇನು. ಅವಳು ಆರು ತಲೆಬರಹ ಹಾಕಿರಲಿಲ್ಲ. ಆದರೂ ಎಲ್ಲ ಅದರೊಳಗೇ ಇತ್ತು.

ಜಾಸ್ತಿ ಜನ ಬರೆಯುವುದು ಬೇರೆ ಥರ. ಇಷ್ಟು ಜನರನ್ನು ನೋಡಿದೆವು, ಇಷ್ಟು ಹಲ್ಲು ಕಿತ್ತೆವು, ಜನರಿಗೆ ಅರಿವು ಕಡಿಮೆ. ಈ ಕೊನೇ ಮಾತು ನನಗಂತೂ ಸಾಕಾಗಿ ಹೋಗಿದೆ. ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಅನ್ನುವವರು ಇದ್ದಾರೆ, ನಿಜ. ಆದರೆ ತುಮಕೂರಿಗೋ ಬೆಂಗಳೂರಿಗೋ ಬನ್ನಿ ಅಂತ ಚೀಟಿ ಬರೆದುಕೊಟ್ಟಿರಿ, ಆ ಅಮ್ಮ ಬರಲಿಲ್ಲ ಅಂದುಕೊಳ್ಳಿ. ಅವಳಿಗೆ ಒಂದು ದಿನದ ಕೂಲಿ ಹೋಗುತ್ತದೆ, ಎರಡು ಕಡೆ ಬಸ್ ಚಾರ್ಜು, ಆಸ್ಪತ್ರೆಯಲ್ಲಿ ಮಾತಾಡಲು ಜೊತೆಗೊಬ್ಬರು ಬೇಕು, ಮನೆಯಲ್ಲಿ ಎಮ್ಮೆಗೆ ಯಾರು ಹುಲ್ಲು ಹಾಕ್ತಾರೆ? ಬಾಯಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟುಕೊಂಡರೆ ನೋವು ಸ್ವಲ್ಪ ತಣ್ಣಗಾದಂತೆ ಅನ್ನಿಸುತ್ತದೆ, ಅಷ್ಟರಲ್ಲೇ ದಿನ ತಳ್ಳುತ್ತಾಳೆ. ಬಿಡಿ ಅನ್ನಲೇಬೇಕು, ಅದು ಬಾಯಿ ಕ್ಯಾನ್ಸರಿಗೆ ದಾರಿ. ಆದರೆ ಯಾಕೆ ಹಾಕ್ತೀರಾ ಅಂತ ಕೇಳದೆ ಬಿಡಿ ಅಂದರೆ ಯಾರೂ ಬಿಡಲ್ಲ. ಅವಳು ಯಾಕೆ ಬರಲಿಲ್ಲ ಅನ್ನುವುದನ್ನು ಕೇಳಿ ತಿಳಿದು ಬರೆದರೆ ಅದೇ ಒಂದು ಪುಟ ಆಗುತ್ತದೆ.

ಹೆಸರು ಬರೆಯಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಊರು ಚಿಕ್ಕದು, ಹಲ್ಲಿನ ಕಲೆಯ ಫೋಟೋ ಮದುವೆ ಮಾತುಕತೆಯವರೆಗೂ ಹೋಗುತ್ತದೆ. ಅವತ್ತವತ್ತೇ ಸಂಜೆ ಬರೆದುಬಿಡಿ, ವಾರ ಬಿಟ್ಟರೆ ಎಲ್ಲರೂ ಒಂದೇ ಥರ ಕಾಣುತ್ತಾರೆ.

ತಾರೀಖು ಗೊತ್ತುಮಾಡುವ ಮೊದಲು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ. ಕಡಲೆಕಾಯಿ ಕೀಳುವ ದಿನಗಳಲ್ಲಿ ಬಂದರೆ ಸುಮ್ನೆ ಖಾಲಿ ಕುರ್ಚಿ ನೋಡಿಕೊಂಡು ಹೋಗಬೇಕಾಗುತ್ತದೆ.