ಐತಪ್ಪ ಅಯ್ಯಪ್ಪನ್ ಆದದ್ದು

ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ನೀನು ಕೇಳಿದೆಯಲ್ಲ, "ನಿಮ್ದು ಕೇರಳ ಅಲ್ವಾ, ಅಲ್ಲಿ ಕನ್ನಡ ಒಂದು ಸಬ್ಜೆಕ್ಟಾದ್ರೂ ಇದೆಯಾ? ಮತ್ತೆ ಸ್ಕೂಲ್ ಕ್ಲರ್ಕ್‌ಗೆ ದಿನವಿಡೀ ಏನ್ ಕೆಲಸ?" ಅಂತ. ಪಾಯಸ ಬಡಿಸುತ್ತಿದ್ದರು, ಹಾಗಾಗಿ ಸುಮ್ನೆ ನಕ್ಕುಬಿಟ್ಟೆ. ಈಗ ಕೇಳು ಮಾರಾಯ.

ಸಬ್ಜೆಕ್ಟ್ ಅಲ್ಲ, ಶಾಲೆಯೇ ಕನ್ನಡ. ಗಣಿತ, ವಿಜ್ಞಾನ, ಸಮಾಜ ಎಲ್ಲ ಕನ್ನಡದಲ್ಲೇ ನಡೆಯುತ್ತದೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಬರುತ್ತದೆ. ನೀವು ಬಾವುಟ ಹಾರಿಸುವ ನವೆಂಬರ್ 1 ಇದೆಯಲ್ಲ, 1956ರಲ್ಲಿ ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಿ ಎಂದಿತು. ವರದಿ ಅಲ್ಲೇ ಉಂಟು, ನಾವು ಇಲ್ಲೇ ಇದ್ದೇವೆ. ಆ ವಿಷಯ ಸಾಕು.

ಆಫೀಸಿನಲ್ಲಿ ನಾನೊಬ್ಬ, ಪ್ಯೂನ್ ಒಬ್ಬರು, ಗುಡಿಸುವ ಅಕ್ಕ ಒಬ್ಬರು, ಒಳಗಿನ ಕೋಣೆಯಲ್ಲಿ ಹೆಡ್‌ಮಾಸ್ತರು. ಸಂಬಳದ ಬಿಲ್ಲು, ಟಿ.ಸಿ., ಸ್ಕಾಲರ್‌ಶಿಪ್ಪು, ಬಸ್ ಪಾಸು ಇವೆಲ್ಲ ನಿಮ್ಮೂರಿನ ಶಾಲೆಯಲ್ಲೂ ಇದ್ದದ್ದೇ. ನಮ್ಮಲ್ಲಿ ಇದರ ಮೇಲೆ ಇನ್ನೊಂದು ಕೆಲಸ ಉಂಟು. ಅದಕ್ಕೆ ಹುದ್ದೆ ಇಲ್ಲ, ಸಂಬಳವೂ ಇಲ್ಲ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಅದನ್ನು ಕನ್ನಡ ಮಾಡಿ ಮಾಸ್ತರುಗಳಿಗೆ ಹೇಳಬೇಕು. ಅಪ್ಪ ಅಮ್ಮಂದಿರು ಬಂದರೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮರಾಠಿಯಲ್ಲೋ ಮಾತು. ಕೊನೆಗೆ ಕಂಪ್ಯೂಟರಿಗೆ ತುಂಬಿಸುವುದು ಇಂಗ್ಲಿಷಿನಲ್ಲಿ.

ಇದರಲ್ಲಿ ನನ್ನ ಜೀವ ತಿನ್ನುವುದು ಹೆಸರು. ಬರೀ ಹೆಸರು.

ಒಂದು ಹುಡುಗಿಯದ್ದು ಹೇಳುತ್ತೇನೆ. ನಮ್ಮ ದಾಖಲಾತಿ ಪುಸ್ತಕದಲ್ಲಿ ತಂದೆ ಹೆಸರು ಐತಪ್ಪ. ತುಳುನಾಡಿನ ಹಳೇ ಹೆಸರು, ಐತಾರ ಅಂದರೆ ಭಾನುವಾರ, ಆ ದಿನ ಹುಟ್ಟಿದವನು ಐತ, ಐತಪ್ಪ. ಮಗುವಿನ ಜನನ ಪತ್ರ ಬರೆದವರಿಗೆ ಅಂಥದ್ದೊಂದು ಹೆಸರು ಇರಬಹುದು ಅಂತಲೇ ಹೊಳೆದಿಲ್ಲ. ತಪ್ಪಿರಬೇಕು ಅಂದುಕೊಂಡು ತಿದ್ದಿ ಉಪಕಾರ ಮಾಡಿದ್ದಾರೆ, ಅಯ್ಯಪ್ಪನ್. ಆಧಾರಿನಲ್ಲಿ ಐತಪ್ಪ ಉಂಟು, ಆದರೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಮ್ಮಿ. ಹತ್ತನೇ ಕ್ಲಾಸಿನ ಪಟ್ಟಿ ಅಂತಿಮ ಆಗುವ ಮೊದಲು ಮನೆಯವರು ನೋಡಿ ಸಹಿ ಹಾಕಬೇಕಲ್ಲ, ಆಗ ಐತಪ್ಪನವರು ಬಂದರು. ಕೂಲಿ ಬಿಟ್ಟು ಬಂದದ್ದು. ಮೂರೂ ಕಾಗದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. "ಶಬರಿಮಲೆಗೆ ಒಂದು ಸಲವೂ ಹೋಗಲಿಲ್ಲ, ಆದರೂ ನನ್ನನ್ನು ಅಯ್ಯಪ್ಪ ಮಾಡಿದರಲ್ಲ" ಅಂದರು. ನಾವಿಬ್ಬರೂ ನಕ್ಕೆವು. ಆಮೇಲೆ "ಇದಕ್ಕೆ ಇನ್ನು ಎಷ್ಟು ದಿನ ಕೆಲಸ ಬಿಡಬೇಕು?" ಅಂತ ಕೇಳಿದರು, ಅದಕ್ಕೆ ನಗು ಬರಲಿಲ್ಲ.

ಈಗ ಬಿಟ್ಟರೆ ಮತ್ತೆ ಸರ್ಟಿಫಿಕೇಟು ತಿದ್ದಿಸಲು ಕಾಗದ ತಿರುವನಂತಪುರದ ಪರೀಕ್ಷಾ ಭವನಕ್ಕೆ ಹೋಗಬೇಕು. ನಮಗೆ ಮಂಗಳೂರು 50 ಕಿಲೋಮೀಟರು, ತಿರುವನಂತಪುರ ರೈಲಿನಲ್ಲಿ ಒಂದು ರಾತ್ರಿ. ಆ ಹುಡುಗಿ ಮುಂದೆ ಮಂಗಳೂರಿನಲ್ಲಿ ಓದಬೇಕು ಅನ್ನುತ್ತಾಳೆ. ಅಲ್ಲಿನವರು ಅಯ್ಯಪ್ಪನ್ ಅಂತ ನೋಡಿದ ಕೂಡಲೇ "ನೀವು ಮಲಯಾಳಿಗಳಾ?" ಅನ್ನುತ್ತಾರೆ. ಆಗ ಅವಳು ಗಡಿನಾಡ ಕನ್ನಡತಿ ಅನ್ನುವುದಕ್ಕೆ ಕಾಗದ ತೋರಿಸಬೇಕು. ಆ ಕಾಗದಕ್ಕೂ ನಮ್ಮ ಆಫೀಸಿಗೇ ಬರಬೇಕು. ಇಲ್ಲಿ ಕನ್ನಡದವರು, ಅಲ್ಲಿ ಕೇರಳದವರು. ದಿವಾಕರ ದಿವಾಕರನ್, ಪ್ರಭಾಕರ ಪ್ರಭಾಕರನ್, ವರ್ಷಕ್ಕೆ ಇಂಥದ್ದು ಎಷ್ಟು ಬರುತ್ತದೆ ಅಂತ ಲೆಕ್ಕ ಇಡುವುದು ಬಿಟ್ಟಿದ್ದೇನೆ.

ಹೆಸರಾದರೆ ತಿದ್ದಬಹುದು. ನಮ್ಮಲ್ಲಿಗೆ ಕೌನ್ಸೆಲರ್ ಟೀಚರ್ ಒಬ್ಬರು ಬರುತ್ತಾರೆ, ತ್ರಿಶೂರು ಕಡೆಯವರು, ಬಹಳ ಒಳ್ಳೆಯ ಹೆಂಗಸು. ಕನ್ನಡ ಬರುವುದಿಲ್ಲ, ತುಳುವಂತೂ ಕೇಳಿಯೇ ಇರಲಿಲ್ಲ. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿ ಬೆಂಚಿಗೆ ತಲೆಯಿಟ್ಟು ಅಳುತ್ತಿದ್ದಳು. ಕೋಣೆಗೆ ಕರೆದರು. ಮಾತು ತಿಳಿಯಲಿಲ್ಲ. ಗುಡಿಸುವ ಅಕ್ಕನನ್ನು ಪಕ್ಕದಲ್ಲಿ ಕೂರಿಸಿ ಮಲಯಾಳಕ್ಕೆ ಹೇಳಿಸಿದರು. ಅಕ್ಕನ ಮನೆ ಆ ಹುಡುಗಿಯ ಮನೆಯಿಂದ ಎರಡೇ ಮನೆ ಆಚೆ. ಹುಡುಗಿ ಒಮ್ಮೆ ಅಕ್ಕನ ಮುಖ ನೋಡಿದಳು, "ಎಂತ ಇಲ್ಲ, ತಲೆನೋವು" ಅಂದಳು. ರಿಜಿಸ್ಟರಿನಲ್ಲಿ ತಲೆನೋವು ಅಂತಲೇ ಬರೆದದ್ದಾಯಿತು. ಟೀಚರಿಗೂ ಗೊತ್ತಿತ್ತು ಅದು ತಲೆನೋವಲ್ಲ ಅಂತ. ಈಗ ಅವರು ಮಧ್ಯಾಹ್ನ ನನ್ನ ಹತ್ತಿರ ಕನ್ನಡ ಬರೆಯಲು ಕಲಿಯುತ್ತಿದ್ದಾರೆ. "ಳ"ದಲ್ಲಿ ಕಷ್ಟವೇ ಇಲ್ಲ ಅವರಿಗೆ, ನಿನಗಿಂತ ಚೆನ್ನಾಗಿ ಹೇಳುತ್ತಾರೆ, ಬೇಜಾರು ಮಾಡಬೇಡ.

ಮತ್ತೆ ನೀನು "ಅಷ್ಟೆಲ್ಲ ಕಷ್ಟ ಯಾಕೆ, ಮಲಯಾಳ ಮೀಡಿಯಂಗೆ ಹಾಕ್ಬಹುದಲ್ವಾ" ಅಂದೆ. ಮಲಯಾಳ ನಮಗೆ ಚೆನ್ನಾಗಿ ಬರುತ್ತದೆ ಮಾರಾಯ, ಸಂತೆಯಲ್ಲಿ ಮೀನಿನ ಚೌಕಾಸಿ ಅದರಲ್ಲೇ ಮಾಡುತ್ತೇನೆ. ಯಾರ ಮೇಲೂ ಸಿಟ್ಟಿಲ್ಲ. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಉಂಟು, ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ. ನಾವು ಹೊಸದಾಗಿ ಎಂತ ಕೇಳುವುದಿಲ್ಲ, ಬರೆದದ್ದನ್ನೇ ಕೇಳುವುದು.

ಐತಪ್ಪನವರ ಕೆಲಸ ಮೂರನೇ ಸಲ ಬಂದಾಗ ಆಯಿತು. ಹೊರಡುವಾಗ "ನಿಮ್ಮದು ಸರಿ ಉಂಟಲ್ಲ?" ಅಂತ ಕೇಳಿದರು. ಎಲ್ಲಿ ಸರಿ, ನನ್ನ ಸರ್ವಿಸ್ ಬುಕ್ಕಿನಲ್ಲಿ ನನಗೂ ಒಂದು "ನ್" ಅಂಟಿಕೊಂಡಿದೆ. ಅರ್ಜಿ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ, ಕನ್ನಡದಲ್ಲೇ. ಈ ಪರೀಕ್ಷೆ ಗಲಾಟೆ ಮುಗಿಯಲಿ, ಕಳಿಸುತ್ತೇನೆ.