ನಿಮ್ಮ ಲೇಖನದಲ್ಲಿ ಹೆರಾಲ್ಡ್ ಮುಂದೆ ಬರಲಿ

ನಮಸ್ಕಾರ,

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪ್ರತಿವರ್ಷ ನಡೆಯುವ ಮಧ್ಯಯುಗದ ಕಾಳಗದ ಆಟ 'ಪೆನ್ಸಿಕ್ ವಾರ್' ಬಗ್ಗೆ, ಅಲ್ಲಿ ಹೆಸರು ಕೂಗಿ ಹೇಳುವ, ಲಾಂಛನ ಪರೀಕ್ಷಿಸುವ ಹೆರಾಲ್ಡ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇದರೊಳಗೆ ನೀವಷ್ಟೇ ಬರೆಯಬಹುದಾದ ಒಂದು ಲೇಖನ ಅಡಗಿದೆ.

ಮೊದಲ ತೊಂದರೆ, ಹೆರಾಲ್ಡ್ ಬರುವುದೇ ನಾಲ್ಕನೇ ಪುಟದಲ್ಲಿ. 1966ರಲ್ಲಿ ಬರ್ಕ್ಲಿಯಲ್ಲಿ ಈ ಆಟದ ಹಿಂದಿರುವ ಸಂಘ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಹುಟ್ಟಿದ್ದು, 1972ರಲ್ಲಿ ಪೆನ್ಸಿಕ್ ಶುರುವಾಗಿದ್ದು, ಬೆತ್ತದ ಕತ್ತಿ, ಕವಚ, ಡೇರೆ, ಊಟ, ಇದೆಲ್ಲ ಒಂದು ಪ್ಯಾರಾದಲ್ಲಿ ಮುಗಿಯಲಿ.

"ಹೆರಾಲ್ಡ್‌ಗಳು ಕಾರ್ಯಕ್ರಮಕ್ಕೆ ಮೆರುಗು ತರುತ್ತಾರೆ" ಎಂದು ಬರೆದಿದ್ದೀರಿ. ಆ ವಾಕ್ಯ ತೆಗೆಯಿರಿ. ಅವರು ಅಲಂಕಾರಕ್ಕೆ ನಿಂತವರಲ್ಲ. ಕಣದಲ್ಲಿ ಇಬ್ಬರು ಎದುರುಬದುರು ನಿಂತಾಗ ಇಬ್ಬರ ಮುಖವೂ ಶಿರಸ್ತ್ರಾಣದೊಳಗೆ ಇರುತ್ತದೆ. ಯಾರು ಯಾರೊಂದಿಗೆ ಸೆಣಸುತ್ತಿದ್ದಾರೆ ಅಂತ ನೋಡುವವರಿಗೆ ಗೊತ್ತಾಗುವುದು ಹೆರಾಲ್ಡ್ ಹೆಸರು ಕೂಗಿದ ಮೇಲೆಯೇ. ಆಟದ ರಾಜ ರಾಣಿಗೆ ವಂದಿಸಿ, ನೀವು ಯಾರಿಗಾಗಿ ಕಾದುತ್ತಿದ್ದೀರೋ ಅವರಿಗೆ ವಂದಿಸಿ, ಎದುರಾಳಿಗೆ ವಂದಿಸಿ ಅಂತ ಹೇಳಿ ಅವರು ಹಿಂದೆ ಸರಿಯುತ್ತಾರೆ. ಕಾಳಗ ಶುರು ಮಾಡಿಸುವುದು ಮಾರ್ಷಲ್, ಅಂದರೆ ಕಣದ ಮೇಲ್ವಿಚಾರಕ. ನೀವು ಇಬ್ಬರನ್ನೂ ಒಬ್ಬರೇ ಮಾಡಿಬಿಟ್ಟಿದ್ದೀರಿ. ಇನ್ನು, ಕಿವಿ ಕೇಳದವರಿಗಾಗಿ ದರ್ಬಾರಿನ ಮಾತನ್ನು ಸನ್ನೆ ಭಾಷೆಯಲ್ಲಿ ಹೇಳುವ 'ಸೈಲೆಂಟ್ ಹೆರಾಲ್ಡ್' ನಿಮ್ಮ ಲೇಖನದಲ್ಲಿ ಅರ್ಧ ಸಾಲಿಗೇ ಮುಗಿದುಹೋಗಿದ್ದಾರೆ. ಅವರ ಬಗ್ಗೆ ನನಗೆ ಒಂದು ಇಡೀ ಪುಟ ಬೇಕು.

ಎರಡು ತಪ್ಪುಗಳನ್ನು ಹೇಳಲೇಬೇಕು. ಹಿಂದಿನ ಕಾಲದ ಹೆರಾಲ್ಡ್‌ಗಳು ಕತ್ತಿ ಹಿಡಿದು ಕಾದುತ್ತಿದ್ದರು ಎಂದಿದ್ದೀರಿ. ಯುದ್ಧದಲ್ಲಿ ಅವರ ಕೆಲಸ ಅದಲ್ಲ. ಅವರು ಎರಡೂ ಪಾಳೆಯಗಳ ನಡುವೆ ಸಂದೇಶ ಒಯ್ಯುತ್ತಿದ್ದರು, ಲಾಂಛನ ನೋಡಿ ಸತ್ತವರನ್ನು ಗುರುತಿಸುತ್ತಿದ್ದರು. ಅವರ ಮೇಲೆ ಕೈ ಮಾಡಬಾರದು ಅನ್ನುವುದು ಎರಡೂ ಕಡೆಯವರು ಒಪ್ಪಿದ ರೂಢಿ. 1415ರಲ್ಲಿ ಅಜಿನ್‌ಕೋರ್ಟ್ ಕಾಳಗ ಮುಗಿದಾಗ ಇಂಗ್ಲೆಂಡಿನ ಐದನೇ ಹೆನ್ರಿ, ಗೆಲುವು ಯಾರದು ಅಂತ ಕೇಳಿದ್ದು ಫ್ರಾನ್ಸಿನ ಹೆರಾಲ್ಡ್ ಮೊಂಜ್ವಾನನ್ನು ಎಂದು ಆ ಶತಮಾನದ ಇತಿಹಾಸಕಾರರು ಬರೆದಿದ್ದಾರೆ. ಶತ್ರುವಿನ ಹೆರಾಲ್ಡ್ ಮಾತಿಗೂ ಅಷ್ಟು ಬೆಲೆ ಇತ್ತು! ಇದನ್ನು ಬಳಸಿಕೊಳ್ಳಿ.

ಎರಡನೆಯದು, ನೀವು ಮೆಚ್ಚಿಕೊಂಡ ನೀಲಿ ಗುರಾಣಿಯ ಮೇಲಿನ ಕೆಂಪು ಸಿಂಹ. ಕೆಂಪು, ನೀಲಿಯಂಥ ಗಾಢ ಬಣ್ಣದ ಮೇಲೆ ಇನ್ನೊಂದು ಗಾಢ ಬಣ್ಣ ಕೂಡದು, ಎರಡರಲ್ಲೊಂದು ಹಳದಿ ಅಥವಾ ಬಿಳಿ ಇರಬೇಕು ಅನ್ನುವುದು ಲಾಂಛನದ ಮೂಲ ನಿಯಮ. ದೂರದಿಂದ ಕಂಡರೆ ತಾನೇ ಗುರುತು ಸಿಗುವುದು? ಇಂಥದ್ದನ್ನು ಪರೀಕ್ಷಿಸುವುದೂ ಹೆರಾಲ್ಡ್‌ಗಳ ಕೆಲಸವೇ. ಅವರಲ್ಲಿ ಹಲವರು ಕೂಗುವುದೇ ಇಲ್ಲ, ಪುಸ್ತಕ ಹಿಡಿದು ಕೂರುತ್ತಾರೆ. ಮೈಸೂರು ದರ್ಬಾರಿನ ಬಹುಪರಾಕಿಗೆ ನೀವು ಕೊಟ್ಟ ಹೋಲಿಕೆ ಕೂಗುವವರ ಮಟ್ಟಿಗೆ ಸರಿ, ಈ ಇನ್ನರ್ಧಕ್ಕೆ ಸಾಲದು.

ಈಗ ಮುಖ್ಯ ವಿಷಯ. ಕೊನೆಯ ಪುಟದಲ್ಲಿ ಸುಮ್ನೆ ಒಂದು ಮಾತು ಹೇಳಿ ಹೋಗಿದ್ದೀರಿ: ಈ ಆಟಕ್ಕಾಗಿ ವಿಜಯನಗರ ಕಾಲದ ಹೆಸರು ಇಟ್ಟುಕೊಳ್ಳಲು ಹೋದಾಗ, ಅದು ಆಗ ಬಳಕೆಯಲ್ಲಿತ್ತು ಅನ್ನುವುದಕ್ಕೆ ಹೆರಾಲ್ಡ್ ದಾಖಲೆ ಕೇಳಿದರು, ನೀವು ಶಾಸನಗಳಲ್ಲಿ ಹುಡುಕಿದಿರಿ ಅಂತ. ಲೇಖನ ಇಲ್ಲಿಂದಲೇ ಶುರುವಾಗಬೇಕು! ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ರಾಜರಷ್ಟೇ ಅಲ್ಲ, ಗೌಡರು, ಸೆಟ್ಟಿಗಳು, ಭೂಮಿ ದಾನ ಕೊಟ್ಟವರು, ಊರಿಗಾಗಿ ಸತ್ತವರು ಎಲ್ಲರ ಹೆಸರೂ ಇವೆ. ಕಲ್ಲಿನ ಮೇಲಿದ್ದ ಒಬ್ಬ ಸಾಮಾನ್ಯನ ಹೆಸರನ್ನು ಪೆನ್ಸಿಲ್ವೇನಿಯಾದ ಬಯಲಿನಲ್ಲಿ ಗಟ್ಟಿಯಾಗಿ ಕೂಗಬೇಕಾದರೆ ಮೊದಲು ಯಾರೋ ಅದನ್ನು ಸರಿಯಾಗಿ ಓದಿ, ಬರೆದು, ಉಚ್ಚಾರ ಕಲಿಯಬೇಕು. ಆ ಶ್ರದ್ಧೆ ಹೆರಾಲ್ಡ್‌ಗಳಲ್ಲಿದೆ. ನಮ್ಮ ಓದುಗರಿಗೆ ಅದು ಮುಟ್ಟಬೇಕು ಅನ್ನುವುದೇ ನನ್ನ ಆಸೆ.

ಯಾವ ಶಾಸನ, ಯಾವ ಊರಿನದು, ಯಾವ ಹೆಸರು, ಹೆರಾಲ್ಡ್ ಏನೇನು ಕೇಳಿದರು, ಅವರ ಬಾಯಲ್ಲಿ ಅದು ಹೇಗೆ ಬಂತು, ಎಲ್ಲ ಬರೆಯಿರಿ. 1,200 ಪದ ಸಾಕು. ಹಾಂ, ಆ ಹೆಸರು ಕೊನೆಗೆ ನೋಂದಣಿ ಆಯಿತೋ ಇಲ್ಲವೋ ಅಂತ ನೀವು ಹೇಳಿಯೇ ಇಲ್ಲ. ಅದನ್ನು ಖಂಡಿತ ಸೇರಿಸಿ ಕಳಿಸಿ.

ಇಂತಿ,
ಸಂಪಾದಕ