ಮೇನ್‌ನಲ್ಲಿ ಮನೆಮನೆಗೆ ಹೋಗಿ ಕೇಳಿದ ಓಟು

ನಿಮ್ಮ ಪತ್ರ ಓದಿದೆ. ಮುಂದಿನ ತಿಂಗಳು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಕೆಲಸಕ್ಕೆ ಬರುತ್ತಿದ್ದೀರಿ. ಆರು ವರ್ಷದಿಂದ ಜೊತೆಗಿರುವ ನಿಮ್ಮ ಗೆಳೆಯ ಸದ್ಯಕ್ಕೆ ಬೆಂಗಳೂರಿನಲ್ಲೇ ಇರುತ್ತಾರೆ. "ಅಲ್ಲಿ ನಾವಿಬ್ಬರು ಗಂಡಸರು ಮದುವೆಯಾಗಬಹುದು ಅಂತ ಕಾನೂನಿದೆ, ಗೊತ್ತು. ಆದರೆ ಜನ ನಿಜವಾಗಿ ಒಪ್ಪಿದ್ದಾರಾ, ಇಲ್ಲಾ ಕೋರ್ಟು ಹೇಳಿತು ಅಂತ ಸುಮ್ನಿದ್ದಾರಾ?" ಎಂದು ಕೇಳಿದ್ದೀರಿ. ಚಳಿ, ಬಾಡಿಗೆ, ಅಕ್ಕಿಬೇಳೆಯ ವಿಷಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇದೊಂದಕ್ಕೆ ಉತ್ತರ ಕೊಡುತ್ತೇನೆ.

ಸಲಿಂಗ ಮದುವೆಗೆ ಇಡೀ ಅಮೆರಿಕದಲ್ಲಿ ಒಪ್ಪಿಗೆ ಕೊಟ್ಟ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2015ರ ಜೂನ್ 26ರಂದು. ಮೇನ್ ಅದಕ್ಕೂ ಎರಡೂವರೆ ವರ್ಷ ಮೊದಲೇ ಒಪ್ಪಿಕೊಂಡಿತ್ತು, ಅದೂ ಜನರ ಓಟಿನಿಂದ. ಸಲಿಂಗ ಮದುವೆ ಬೇಕು ಎನ್ನುವವರೇ ಸಹಿ ಸಂಗ್ರಹಿಸಿ, ಪ್ರಶ್ನೆಯನ್ನು ಮತಪತ್ರದವರೆಗೆ ತಂದು ಗೆದ್ದ ಮೊದಲ ರಾಜ್ಯ ಇದು.

ಆದರೆ ಮೊದಲು ಸೋತಿದ್ದರು. 2009ರ ಮೇ ತಿಂಗಳಲ್ಲಿ ಇಲ್ಲಿನ ಶಾಸನಸಭೆ ಕಾನೂನು ಮಾಡಿತು, ಗವರ್ನರ್ ಜಾನ್ ಬಾಲ್ಡಾಚಿ ಅದಕ್ಕೆ ಸಹಿ ಹಾಕಿದರು. ಶಾಸಕರು ಮಾಡಿದ ಕಾನೂನು ಬೇಡ ಎನಿಸಿದರೆ, ಸಾಕಷ್ಟು ಸಹಿ ಕೂಡಿಸಿ ಅದನ್ನು ತಡೆದು ಓಟಿಗೆ ಹಾಕುವ ಪದ್ಧತಿ ಇಲ್ಲಿದೆ. ವಿರೋಧಿಸಿದವರು ಅದನ್ನೇ ಮಾಡಿದರು. ನವೆಂಬರ್ 3ರಂದು ನೂರಕ್ಕೆ ಸುಮಾರು 53 ಜನ ಬೇಡ ಎಂದರು. ಒಂದೇ ಒಂದು ಮದುವೆಯೂ ನಡೆಯದೆ ಕಾನೂನು ಬಿದ್ದುಹೋಯಿತು.

ಆಗ ನಾವಿದ್ದ ಮನೆಯ ಮಹಡಿಯಲ್ಲಿ ಇಬ್ಬರು ಹೆಂಗಸರಿದ್ದರು. ಹದಿನೈದು ವರ್ಷದ ಸಂಸಾರ ಅವರದು. ಮಾರನೇ ದಿನ ಬೆಳಿಗ್ಗೆ ಅವರಲ್ಲೊಬ್ಬರು ಕಾರಿನ ಗಾಜಿನ ಮೇಲೆ ಕಟ್ಟಿದ್ದ ಮಂಜು ಕೆರೆಯುತ್ತಾ ನಿಂತಿದ್ದರು. ಗಾಜು ಪೂರ್ತಿ ತಿಳಿಯಾದ ಮೇಲೂ ಕೆರೆಯುತ್ತಲೇ ಇದ್ದರು. ನಾನು ಕೆಳಗಿಳಿದು ಹೋಗಿ ಪಕ್ಕದಲ್ಲಿ ನಿಂತೆ. "ಈ ಬೀದಿಯಲ್ಲಿ ಯಾರು ಯಾರು ಬೇಡ ಅಂದಿರಬಹುದು ಅಂತ ಲೆಕ್ಕ ಹಾಕ್ತಿದೀನಿ, ಹಾಕಬಾರದು ಅಲ್ವಾ?" ಎಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಎರಡು ವರ್ಷ ಕಳೆಯುವುದರೊಳಗೆ ಸೋತವರೇ ಮತ್ತೆ ಹೊರಟರು. ಬೇಕಾಗಿದ್ದದ್ದು 57,277 ಸಹಿ. 2012ರ ಜನವರಿಯಲ್ಲಿ ಅವರು ಒಪ್ಪಿಸಿದ್ದು ಒಂದು ಲಕ್ಷಕ್ಕೂ ಜಾಸ್ತಿ. ಸಹಿ ಹಾಕುವವರು ಮೇನ್‌ನ ಮತದಾರರಾಗಿರಬೇಕು, ಆಗ ಸಹಿ ಹಾಕಿಸಿಕೊಳ್ಳುವವರೂ ಮತದಾರರೇ ಆಗಿರಬೇಕಿತ್ತು. ಪ್ರತಿ ಹಾಳೆಯನ್ನೂ ಆಯಾ ಊರಿನ ಕಚೇರಿಯಲ್ಲಿ ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ನನ್ನ ಹತ್ತಿರ ಆಗ ಗ್ರೀನ್ ಕಾರ್ಡ್ ಮಾತ್ರ ಇತ್ತು, ಹಾಗಾಗಿ ಹಾಳೆ ಹಿಡಿಯುವಂತಿರಲಿಲ್ಲ. ಮಹಡಿ ಮನೆಯವರ ಜೊತೆ ಹೋಗಿ ಫ್ಲಾಸ್ಕಿನಿಂದ ಶುಂಠಿ ಚಹಾ ಬಗ್ಗಿಸಿ ಕೊಡುತ್ತಿದ್ದೆ. ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತಿತ್ತು. ಒಂದು ಪೆನ್ನು ಬರೆಯುತ್ತಿರುವಾಗ ಇನ್ನೆರಡು ನನ್ನ ಕೋಟಿನ ಒಳಜೇಬಿನಲ್ಲಿ ಬೆಚ್ಚಗಿರುತ್ತಿದ್ದವು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಆಮೇಲಿನ ಹತ್ತು ತಿಂಗಳಲ್ಲಿ. ಪ್ರಚಾರಕ್ಕೆ ಹೊರಟವರು, ಬೇಕು ಎಂದವರ ಮನೆ ಬಿಟ್ಟು, ಹೋದ ಸಲ ಬೇಡ ಎಂದಿರಬಹುದಾದವರ ಮನೆಗಳಿಗೇ ಹೋದರು. 2009ರಲ್ಲಿ ಹಕ್ಕು, ಸಮಾನತೆ ಎಂದು ಮಾತಾಡಿದ್ದರು. ಕೇಳಿಸಿಕೊಂಡ ಎಷ್ಟೋ ಜನರಿಗೆ, ಇವರಿಗೆ ಮದುವೆಯಿಂದ ಸಿಗುವ ಸವಲತ್ತು ಬೇಕಾಗಿದೆ ಅಷ್ಟೇ ಎನಿಸಿತ್ತು. ಈ ಸಲ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: ನಿಮ್ಮ ಮದುವೆಯ ಬಗ್ಗೆ ಹೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ಟಿವಿ ಜಾಹೀರಾತಿನಲ್ಲೂ ಅದೇ ದಾರಿ. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ್ದ ಒಬ್ಬ ಅಜ್ಜ, ನಾಲ್ಕು ತಲೆಮಾರಿನ ಕುಟುಂಬದ ಜೊತೆ ಕೂತು ಮೊಮ್ಮಗಳ ಮದುವೆಯ ಪರ ಮಾತಾಡಿದ್ದರು.

ಮನೆಮನೆಗೆ ಹೋಗಿ ಮಾತಾಡಲು ಮತದಾರರಾಗಿರಬೇಕಿಲ್ಲ. ನಾನೂ ಹೋದೆ. ಬಿಡ್ಡೆಫರ್ಡ್‌ನಲ್ಲಿ ಒಬ್ಬ ಹಿರಿಯರು ಬಾಗಿಲು ತೆರೆದರು. ಫ್ರೆಂಚ್ ಮೂಲದ ಕ್ಯಾಥೊಲಿಕ್ ಮನೆ, ಗೋಡೆಯ ಮೇಲೆ ಶಿಲುಬೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಆಕೆಯ ಕನ್ನಡಕ ಇನ್ನೂ ದೀಪದ ಪಕ್ಕದಲ್ಲೇ ಮಡಿಸಿಟ್ಟಿತ್ತು. ಅರ್ಧ ಗಂಟೆ ಹೆಂಡತಿಯ ಬಗ್ಗೆ ಹೇಳಿದರು. ಆಮೇಲೆ ನನ್ನದನ್ನು ಕೇಳಿದರು. ಹೇಳಿದೆ. ಹಾಸನದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆ. ಜಾತಿ ಬೇರೆ ಅಂತ ಅಪ್ಪ ಬರಲಿಲ್ಲ. ಸಾಕ್ಷಿಗೆ ಮೂವರು ಬೇಕಿತ್ತು, ಮೂವರೂ ಗೆಳೆಯರೇ. ಅಪ್ಪ ನಮ್ಮ ಮನೆಗೆ ಕಾಲಿಟ್ಟದ್ದು ನಾಲ್ಕು ವರ್ಷದ ಮೇಲೆ, ಮೊಮ್ಮಗಳನ್ನು ನೋಡಲು. ಆ ಹಿರಿಯರು ತುಂಬಾ ಹೊತ್ತು ಸುಮ್ಮನಿದ್ದರು. "ಹೋದ ಸಲ ನಾನು ಬೇಡ ಅಂದಿದ್ದೆ. ಈ ಸಲ ಯೋಚನೆ ಮಾಡ್ತೀನಿ" ಎಂದರು.

ಆ ವರ್ಷದ ಬೇಸಿಗೆಯಲ್ಲಿ ನನಗೆ ಪೌರತ್ವ ಸಿಕ್ಕಿತು. ಈ ದೇಶದಲ್ಲಿ ನನ್ನ ಮೊದಲ ಓಟು 2012ರ ನವೆಂಬರ್ 6ರಂದು, ಆ ಪ್ರಶ್ನೆಯ ಮೇಲೇ. ಬೇಕು ಎಂದವರು 3,72,000ಕ್ಕೂ ಜಾಸ್ತಿ, ಬೇಡ ಎಂದವರು ಸುಮಾರು 3,35,000. ಮೂರು ವರ್ಷದ ಹಿಂದಿನ ಲೆಕ್ಕ ಹೆಚ್ಚುಕಡಿಮೆ ತಿರುವುಮುರುವಾಗಿತ್ತು. ಅದೇ ದಿನ ಮೇರಿಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳ ಜನರೂ ಒಪ್ಪಿದರು. ಡಿಸೆಂಬರ್ 29ರಂದು ಕಾನೂನು ಜಾರಿಗೆ ಬಂತು. ಪೋರ್ಟ್‌ಲ್ಯಾಂಡಿನ ಸಿಟಿ ಹಾಲ್ ನಡುರಾತ್ರಿಯೇ ಬಾಗಿಲು ತೆರೆಯಿತು. ಹೊರಗೆ ಕೊರೆಯುವ ಚಳಿ. ಮದುವೆಯಾಗಿ ಹೊರಬಂದ ಪ್ರತಿ ಜೋಡಿಗೂ ಮೆಟ್ಟಿಲ ಕೆಳಗೆ ನಿಂತಿದ್ದ ಜನ ಕೂಗಿ ಕೂಗಿ ಹರಸಿದರು. ನಮ್ಮ ಮಹಡಿ ಮನೆಯವರೂ ಆ ಸಾಲಿನಲ್ಲಿದ್ದರು.

ಹಾಗಾಗಿ ನನ್ನ ಉತ್ತರ: ಅರ್ಧಕ್ಕಿಂತ ಜಾಸ್ತಿ ಜನ ಯೋಚಿಸಿ, ಕೆಲವರು ಮನಸ್ಸು ಬದಲಿಸಿ ಒಪ್ಪಿದ್ದಾರೆ. ಒಪ್ಪದವರೂ ಇದ್ದಾರೆ, ಉತ್ತರದ ಸಣ್ಣ ಊರುಗಳ ಕಡೆ ಜಾಸ್ತಿ. ಅವರ ಪಕ್ಕದಲ್ಲೂ ನೀವು ಬದುಕುತ್ತೀರಿ. ಲೈಂಗಿಕತೆಯ ಕಾರಣಕ್ಕೆ ಮನೆ ಬಾಡಿಗೆಗೆ ಕೊಡದಿರುವುದು, ಕೆಲಸದಿಂದ ತೆಗೆಯುವುದು ಇಲ್ಲಿ ಕಾನೂನಿಗೆ ವಿರುದ್ಧ. ಆ ಕಾನೂನನ್ನೂ 2005ರಲ್ಲಿ ಜನ ಓಟು ಹಾಕಿಯೇ ಉಳಿಸಿಕೊಂಡರು.

ಒಂದು ಎಚ್ಚರಿಕೆ, ಮರೆಯಬೇಡಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಅಂಗಡಿ ಮುಂದೆ ಯಾರಾದರೂ ಅರ್ಜಿಗೆ ಸಹಿ ಕೇಳಿದರೆ, ಎಷ್ಟೇ ಒಳ್ಳೆಯ ಕೆಲಸಕ್ಕಿರಲಿ, ನಾನು ಮತದಾರನಲ್ಲ ಎಂದು ಹೇಳಿ. ಪೌರತ್ವ ಇಲ್ಲದೆ ಮತದಾರರ ಪಟ್ಟಿಗೆ ಹೆಸರು ಸೇರಿದರೆ ನಿಮ್ಮ ವೀಸಾಗೇ ಕುತ್ತು.

ನಿಮ್ಮ ಗೆಳೆಯರನ್ನು ಕರೆಸಿಕೊಳ್ಳುವ ವಿಷಯ. ಭಾರತದಲ್ಲಿ ಮದುವೆಯಾಗಿ ಬರೋಣ ಎಂದರೆ ದಾರಿಯಿಲ್ಲ. 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆಯಲಿಲ್ಲ. ಇಲ್ಲಿ ಆದ ಮದುವೆಯನ್ನು ಅಮೆರಿಕದ ವಲಸೆ ಇಲಾಖೆ 2013ರಿಂದ ಎಲ್ಲ ಗಂಡಹೆಂಡಿರ ಮದುವೆಯಂತೆಯೇ ನೋಡುತ್ತದೆ. ಅವರು ಯಾವ ವೀಸಾದಲ್ಲಿ ಬರಬೇಕು, ಯಾವಾಗ ಮದುವೆಯಾಗಬೇಕು ಎಂಬುದನ್ನು ಮಾತ್ರ ಟಿಕೆಟ್ ತೆಗೆಸುವ ಮೊದಲೇ ವಲಸೆ ವಕೀಲರ ಹತ್ತಿರ ಕೇಳಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಮದುವೆ ಲೈಸೆನ್ಸ್ ಸುಲಭ. ಇಬ್ಬರೂ ಊರಿನ ಕ್ಲರ್ಕ್ ಕಚೇರಿಗೆ ಹೋಗಬೇಕು, 40 ಡಾಲರ್. ಕಾಯಬೇಕಾಗಿಲ್ಲ, 90 ದಿನದೊಳಗೆ ಮದುವೆಯಾದರೆ ಆಯಿತು. ಮೇನ್‌ನಲ್ಲಿ ಸಾಕ್ಷಿಗೆ ಇಬ್ಬರು ಸಾಕು. ದಿನ ಗೊತ್ತಾದ ಮೇಲೆ ಒಂದು ಮಾತು ತಿಳಿಸಿ, ನಾನೂ ನಮ್ಮ ಯಜಮಾನರೂ ಬರುತ್ತೇವೆ.